ಟೀಚರಮ್ಮನ ಹತ್ತು ನಿಮಿಷ

ಹೊನ್ನಹಾಳದ ಬಂಗಾರದ ಗಣಿಯ ಸೈರನ್ನು ದಿನಕ್ಕೆ ಮೂರೇ ಸಲ ಕೂಗುವುದು, ಪಾಳಿ ಬದಲಾಗುವಾಗ. ಆ ಮಂಗಳವಾರ ಅದು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಕೂಗಿತು. ಕೂಗಿ ನಿಲ್ಲಲೇ ಇಲ್ಲ.

ನೀಲಾಂಬಿಕೆ ಟೀಚರು ಆಗ ತಮ್ಮ ಕ್ವಾರ್ಟರ್ಸಿನ ನಡುಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಪಕ್ಕದ ಮನೆಯ ಹುಲಿಗೆಮ್ಮನಿಗಾಗಿ ಕಾಗದ ಟೈಪು ಮಾಡುತ್ತಿದ್ದರು. ಲಿಂಗಸುಗೂರಿನಲ್ಲಿರುವ ಮಗಳಿಗೆ ಕಾಗದ. "ಕೂಸಿಗೆ ನೆಗಡಿ ಕಮ್ಮಿ ಆಗ್ಯಾದೇನು" ಎಂಬಲ್ಲಿಗೆ ಬಂದಿದ್ದರು. ಹುಲಿಗೆಮ್ಮ ನೆಲದ ಮೇಲೆ ಕೂತು ಟೀಚರ ಮನೆಯ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಕಾಗದಕ್ಕೆ ಪ್ರತಿಯಾಗಿ ಅವಳು ಯಾವಾಗಲೂ ಏನಾದರೊಂದು ಮಾಡಿಕೊಡದೆ ಹೋಗುವವಳಲ್ಲ.

ಸೈರನ್ನು ಕೇಳಿದ್ದೇ ಅವಳ ಕೈ ನಿಂತಿತು. "ಟೀಚರಮ್ಮ, ನನ್ನ ಮಗ ಯಂಕೋಬ ಒಂಬತ್ತನೇ ಲೆವೆಲ್ಲಿನ್ಯಾಗ ಅದಾನ್ರಿ."

ಒಂಬತ್ತನೇ ಲೆವೆಲ್ಲೆಂದರೆ ನೆಲದಿಂದ ಸುಮಾರು ಸಾವಿರದ ಎಂಟುನೂರು ಅಡಿ ಕೆಳಗೆ.

ಮೂರು ವರ್ಷದ ಹಿಂದೆ 'ಎಳೆ ಸವೆತ' ಶುರುವಾದಂದಿನಿಂದ ಜನರ ಬದುಕು ಹೀಗೆಯೇ ಆಗಿತ್ತು, ಯಾವ ಗಳಿಗೆಯಲ್ಲಿ ಏನು ನಿಲ್ಲುತ್ತದೋ ಹೇಳುವಂತಿರಲಿಲ್ಲ. ಹೊಸ ಕಾಲದ ಕಂಪ್ಯೂಟರ್ ಚಿಪ್ಪುಗಳ ಒಳಗಿನ ತಂತಿಗಳು ಕೂದಲೆಳೆಯನ್ನು ಸಾವಿರ ಸಲ ಸೀಳಿದರೂ ಸಿಗದಷ್ಟು ಸಣ್ಣವು. ಹೊಳೆ ದಂಡೆಯನ್ನು ಕೊರೆದ ಹಾಗೆ ಅವುಗಳಲ್ಲಿ ಹರಿಯುವ ವಿದ್ಯುತ್ತು ಲೋಹದ ಕಣಗಳನ್ನು ಒಂದೊಂದಾಗಿ ತಳ್ಳಿಕೊಂಡು ಹೋಗುತ್ತಿತ್ತು. ಅದು ನಿಧಾನದ ಕೆಲಸವೆಂದು ಎಲ್ಲರೂ ನಂಬಿದ್ದರು. ಆದರೆ ಹಿಂದಿನ ಹದಿನೈದು ವರ್ಷದಲ್ಲಿ ತಯಾರಾದ ಚಿಪ್ಪುಗಳೆಲ್ಲ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಸಾಯತೊಡಗಿದವು. ಹೊಸದು ಮಾಡೋಣವೆಂದರೆ ಮಾಡುವ ಕಾರ್ಖಾನೆಗಳೂ ಅಂಥವೇ ಚಿಪ್ಪುಗಳ ಮೇಲೆ ನಡೆಯುತ್ತಿದ್ದವು. ಉಳಿದವು ದಪ್ಪ ಎಳೆಯ ಹಳೆಯ ಯಂತ್ರಗಳು ಮಾತ್ರ. ಮೂವತ್ತು ನಲವತ್ತು ವರ್ಷದ ಹಿಂದಿನವು, ಗುಜರಿಯವನೂ ಮೂಸಿ ನೋಡದಿದ್ದಂಥವು.

ಜನ ಹೊಂದಿಕೊಂಡರು. ಮೊಬೈಲುಗಳು ಮಕ್ಕಳ ಆಟದ ಸಾಮಾನಾದವು. ಕಾಗದಗಳು ಮರಳಿ ಬಂದವು, ರೇಡಿಯೋ ಮರಳಿ ಬಂತು, ಗೋಡೆ ಗಡಿಯಾರಗಳು ಅಟ್ಟದಿಂದ ಇಳಿದವು. ಮೊಬೈಲು ಊರಿಗೆಲ್ಲ ಒಂದೇ ವೇಳೆ ಹೇಳುತ್ತಿದ್ದ ಕಾಲ ಹೋಗಿ, ಮನೆಗೊಂದು ವೇಳೆಯಾಯಿತು.

ಅದರಲ್ಲಿ ನೀಲಾಂಬಿಕೆ ಟೀಚರ ಕೈಗಡಿಯಾರದ್ದು ಬೇರೆಯೇ ಕಥೆ. ಅವರು ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚಿನ 'ಪೀ ಪೀ' ಸದ್ದಿಗೆ ಕಿವಿಗೊಟ್ಟು, ಸೆಕೆಂಡೂ ತಪ್ಪದಂತೆ ಗಡಿಯಾರವನ್ನು ಸರಿಯಾಗಿ ಹತ್ತು ನಿಮಿಷ ಹಿಂದಕ್ಕೆ ಇಡುತ್ತಿದ್ದರು. ಕಂಪನಿ ಶಾಲೆಯಲ್ಲಿ ಗಂಟೆ ಹೊಡೆಸುವ ಹೊಣೆ ಅವರದಿತ್ತು. ತಡವಾಗಿ ಬಂದ ಮಕ್ಕಳಿಗೆ ಹೆಡ್‌ಮಾಸ್ತರರು ಗೇಟಿನಲ್ಲೇ ಬೆತ್ತ ತೋರಿಸುತ್ತಿದ್ದ ಕಾಲ. ಆ ಕಡೆಯ ಲೈನಿನ, ಎಂದರೆ ಗಣಿ ಕೆಲಸದವರ ಸಾಲುಮನೆಗಳ ಮಕ್ಕಳು, ತಾಯಿ ರಾತ್ರಿ ಪಾಳಿಯಿಂದ ಬಂದು ರೊಟ್ಟಿ ಬಡಿದುಕೊಟ್ಟ ಮೇಲೆ ಓಡಿ ಬರುವವರು, ಹತ್ತು ನಿಮಿಷ ತಡವಾಗಿಯೇ ಬರುತ್ತಿದ್ದರು. ಯಾರಿಗೂ ಹೇಳದೆ ಟೀಚರು ಶಾಲೆಯ ಗಡಿಯಾರವನ್ನೂ ತಮ್ಮದನ್ನೂ ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿಬಿಟ್ಟರು. ಶಾಲೆ ಮುಚ್ಚಿತು, ಅವರು ನಿವೃತ್ತರಾದರು, ಅಭ್ಯಾಸ ಮಾತ್ರ ಉಳಿಯಿತು. ಈ ಗುಟ್ಟು ತಮ್ಮೊಬ್ಬರಿಗೇ ಗೊತ್ತೆಂದು ಅವರು ನಂಬಿದ್ದರು.

ಬಾಗಿಲಲ್ಲಿ ಜೀಪು ನಿಂತಿತು. ಇಳಿದವಳು ಫರ್ಜಾನಾ, ಗಣಿಯ ಕಂಟ್ರೋಲ್ ರೂಮಿನ ಇಂಜಿನಿಯರು, ಇದೇ ಟೀಚರ ಹತ್ತಿರ ಶಾಲೆಯಲ್ಲಿ ಕಂಪ್ಯೂಟರು ಕಲಿತವಳು. ಅವಸರದಲ್ಲೂ ಚಪ್ಪಲಿ ಹೊರಗೇ ಬಿಟ್ಟು ಬಂದಳು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಕಲಿಸಿದವರು ಟೀಚರೇ.

"ಟೀಚರ್, ನಿಮ್ಮ ಮಷಿನ್ ಬೇಕ್ರಿ. ಈಗಿಂದೀಗ."

"ಏನಾಗ್ಯಾದವ್ವ?"

ಫರ್ಜಾನಾ ಹುಲಿಗೆಮ್ಮನನ್ನು ನೋಡಿ ಒಂದು ಕ್ಷಣ ತಡೆದಳು. ಆಮೇಲೆ ಸುಳ್ಳು ಹೇಳುವುದು ಸರಿಯಲ್ಲವೆನಿಸಿತೇನೋ, ಇದ್ದದ್ದನ್ನು ಹೇಳಿದಳು. ಕೇಜು, ಎಂದರೆ ಜನರನ್ನು ಇಳಿಸಿ ಏರಿಸುವ ಕಬ್ಬಿಣದ ತೊಟ್ಟಿಲು, ಒಂಬತ್ತನೇ ಲೆವೆಲ್ಲಿನಲ್ಲಿ ನಿಂತಿದೆ. ಅದನ್ನು ಎಳೆಯುವ ಕಂಪ್ಯೂಟರು ಸತ್ತಿತು, ಅದರ ಬದಲಿಗೆ ಇಟ್ಟಿದ್ದದ್ದು ಅರ್ಧ ಗಂಟೆಯಲ್ಲಿ ಸತ್ತಿತು. ನೀರೆತ್ತುವ ಪಂಪುಗಳು ನಿಂತು ಮುಳುಗಿಹೋಗಿವೆ. ಏಣಿಯ ದಾರಿ ಏಳನೇ ಲೆವೆಲ್ಲಿನ ಕೆಳಗೆ ಕುಸಿದು ವರ್ಷವಾಯಿತು. ಕೆಳಗೆ ಹದಿನಾಲ್ಕು ಜನ.

"ಹೈದರಾಬಾದಿಂದ ಬದಲಿ ಮಷಿನ್ ಬರೋದು ಸಂಜಿ ಆಗ್ತದ. ನೀರು ತಲಿ ಮ್ಯಾಲ ಬರಾಕ ಮೂರು ತಾಸು ಅದ. ಮೂರೇ ತಾಸು."

ಹುಲಿಗೆಮ್ಮ ಅಳಲಿಲ್ಲ. ಮಡಿಲಿನ ಸೊಪ್ಪನ್ನು ಮೊರಕ್ಕೆ ಹಾಕಿ, ಕಂಪ್ಯೂಟರಿನ ಮೇಲೆ ಹೊದಿಸುವ ಕ್ರೋಶಾ ಬಟ್ಟೆಯನ್ನು ಮಡಚಿ ಬದಿಗಿಟ್ಟಳು. "ಒಯ್ರಿ," ಎಂದಳು.

*

ವೈಂಡರ್ ಮನೆ ಎಂಬುದು ಗಣಿಗೆ ಇಳಿಯುವ ಬಾವಿಯ, ಶಾಫ್ಟಿನ, ಬಾಯಿಯ ಪಕ್ಕದಲ್ಲೇ ಇರುವ ಎತ್ತರದ ಕಟ್ಟಡ. ಒಳಗೆ ಮನೆಯಷ್ಟು ದೊಡ್ಡ ಉಕ್ಕಿನ ಉರುಳೆ, ಅದರ ಸುತ್ತ ಕೇಜನ್ನು ಎಳೆಯುವ ಹಗ್ಗ. ಅದನ್ನು ನಡೆಸುವವನು ದಾನಿಯೇಲಪ್ಪ. ಮೂವತ್ತೆಂಟು ವರ್ಷ ಇದೇ ಕೆಲಸ. ಐದು ವರ್ಷದ ಹಿಂದೆ ಅವನ ಕೈಯ ಲಿವರು ಕಿತ್ತುಹಾಕಿ ಕಂಪ್ಯೂಟರು ಕೂರಿಸಿದಾಗ, ಅವನು ಆ ಲಿವರಿನ ಹಿತ್ತಾಳೆ ಹಿಡಿಯನ್ನು ಮನೆಗೆ ಒಯ್ದಿದ್ದ.

"ಬರ್ರಿ ಟೀಚರಮ್ಮ," ಎಂದು ಅವನು ತನ್ನ ಕುರ್ಚಿಯನ್ನು ಅವರಿಗೆ ಸರಿಸಿದ. "ನಂದೊಂದು ಹಳೀ ಜೀವ ಇತ್ತು ಇಲ್ಲಿ. ಈಗ ಮೂರಾದ್ವು."

"ಮಷಿನ್ ಸೇರಿಸಿ ಮೂರೋ, ಬಿಟ್ಟೋ?" ಎಂದರು ಟೀಚರು. ಅವನು ನಕ್ಕ. ನಗು ಬೇಗ ನಿಂತಿತು.

ಗೋಡೆಯ ಮೇಲಿನ ಕೈ ತಿರುಗಿಸುವ ಟೆಲಿಫೋನಿನಲ್ಲಿ ಯಂಕೋಬನ ದನಿ ಬರುತ್ತಿತ್ತು. ಕೆಳಗಿನ ಪಾಳಿಯ ಮೇಸ್ತ್ರಿ ಅವನೇ. "ಮೊಣಕಾಲ ಮಟ ಅದರಿ ಕಾಕಾ. ಎಲ್ಲಾರೂ ಕೇಜಿನ್ಯಾಗ ಅದಾರ. ನಾನು ಗಂಟಿ ಹಗ್ಗದ ಹಂತ್ಯಾಕ ಇದ್ದೀನಿ."

ಫರ್ಜಾನಾ ಯಂತ್ರದ ಹೊದಿಕೆ ಬಿಚ್ಚುತ್ತ ಟೀಚರಿಗೆ ವಿಷಯ ತಿಳಿಸಿದಳು. ಕೇಜಿನ ಬ್ರೇಕಿಗೆ ಮೊಹರು ಮಾಡಿದ ಒಂದು ಕರಿ ಪೆಟ್ಟಿಗೆ ಬೀಗದಂತಿದೆ. ಅದರ ಎಳೆ ದಪ್ಪ, ಅದು ಬದುಕಿದೆ. ಆದರೆ ಅದು ಕೇಳುವುದು ಹೊಸ ಸಿಸ್ಟಮ್ಮಿನ ಮುದ್ರೆಯಿರುವ ಆಜ್ಞೆಯನ್ನು ಮಾತ್ರ. ಪ್ರತಿ ಆಜ್ಞೆಯ ಮೇಲೂ ದಿನ ಮತ್ತು ವೇಳೆ ಇರಬೇಕು. ಪೆಟ್ಟಿಗೆಯ ಸ್ವಂತ ಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಆಜ್ಞೆಯನ್ನು ಕಳ್ಳಾಜ್ಞೆ ಎಂದು ತಿಳಿದು ಕೆಂಪು ದೀಪ ಹಚ್ಚುತ್ತದೆ. ಹೀಗೆ ಮೂರು ಸಲ ತಪ್ಪಿದರೆ ಒಂದು ತಾಸು ಬಾಯಿ ಮುಚ್ಚಿಕೊಳ್ಳುತ್ತದೆ.

"ಅಂದ್ರ ಮೂರನೇದು ತಪ್ಪಬಾರದು," ಎಂದರು ಟೀಚರು.

"ಒಂದನೇದ ತಪ್ಪಬಾರದ್ರಿ."

ಹೀಗಾಗಿ ಆ ಸಿಸ್ಟಮ್ಮನ್ನೇ ಟೀಚರ ಯಂತ್ರದೊಳಗೆ ಕೂರಿಸಬೇಕಿತ್ತು. ಮೊದಲ ತೊಡಕು ಜಾಗದ್ದು. ಹೊಸ ಸಿಸ್ಟಮ್ಮು ಅರಮನೆಯಲ್ಲಿ ಬೆಳೆದದ್ದು, ಈ ಯಂತ್ರವೋ ಲೈನಿನ ಒಂದು ಕೋಣೆಯ ಮನೆ. ಟೀಚರ ಯಂತ್ರದ ಜ್ಞಾಪಕ ಎಂಟು ಎಂಬಿ. ಶಾಲೆಯ ಉಗ್ರಾಣದಲ್ಲಿದ್ದ ಮೂರು ಸತ್ತ ಯಂತ್ರಗಳಿಂದ ಬಿಚ್ಚಿ ತಂದ ಮೂರು ಜ್ಞಾಪಕದ ಪಟ್ಟಿಗಳನ್ನು ಸೇರಿಸಿದರೆ ಮೂವತ್ತೆರಡು. ಫರ್ಜಾನಾ ಸಿಸ್ಟಮ್ಮಿನಿಂದ ಬಣ್ಣ, ಚಿತ್ರ, ಸದ್ದು, ಜಾಲ ಎಲ್ಲವನ್ನೂ ಕಿತ್ತು ಎಸೆಯುತ್ತ ಹೋದಳು. ಪರದೆಯ ಮೇಲೆ ವೇಳೆ ತೋರಿಸುವ ಭಾಗವೂ ಹೋಯಿತು. ಟೀಚರು ಪಕ್ಕದಲ್ಲಿ ಕೂತು ಪಟ್ಟಿಗಳ ಮಾಸಿದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ತಿಕ್ಕಿ ಹೊಳಪು ತಂದರು. ಮೂವತ್ತು ವರ್ಷ ಪ್ರತಿ ಶುಕ್ರವಾರ ಮಾಡಿದ ಕೆಲಸ.

ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದರು. ಪರದೆಯ ಮೇಲೆ ಒಂದೇ ಸಾಲು ಮೂಡಿತು. ಕೀಬೋರ್ಡಿಲ್ಲ ಎಂದು ಯಂತ್ರ ಹಟ ಹಿಡಿದು ನಿಂತಿತ್ತು. ಹಳೆಯ ಯಂತ್ರಕ್ಕೆ ದಪ್ಪ ದುಂಡು ಪ್ಲಗ್ಗಿನ ಹಳೆಯ ಕೀಬೋರ್ಡೇ ಆಗಬೇಕು. ಅದು ಅವಸರದಲ್ಲಿ ಟೀಚರ ಮನೆಯ ಮೇಜಿನ ಮೇಲೇ ಉಳಿದಿತ್ತು.

"ಸೊಂಟದ ಮಟ," ಎಂದಿತು ಟೆಲಿಫೋನು.

*

ಜೀಪು ನಿಲ್ಲುವ ಮೊದಲೇ ಇಳಿದು ಟೀಚರು ಮನೆಯೊಳಗೆ ನಡೆದರೆ, ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಹುಲಿಗೆಮ್ಮ ಟೀಚರ ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸಿದ್ದಳು. ಅಕ್ಕಿ ಕುದಿಯುತ್ತಿತ್ತು.

"ಇದೇನವ್ವ ಹುಲಿಗೆಮ್ಮ?"

"ಹದಿನಾಕು ಮಂದಿರಿ. ನಸಕಿನ್ಯಾಗ ರೊಟ್ಟಿ ತಿಂದ್ಹೋದವ್ರು, ಮ್ಯಾಲ ಬಂದ ಮ್ಯಾಲ ಹಸದಿರ್ತಾರ." ಅವಳು ಸೌಟು ತಿರುಗಿಸುತ್ತಲೇ ಇದ್ದಳು. ಮುಖ ತಿರುಗಿಸಲಿಲ್ಲ. "ನಿಮ್ಮ ಅಕ್ಕಿ ಕೇಳದ ತಗಂಡೀನಿ. ಬೈಬ್ಯಾಡ್ರಿ."

ಟೀಚರು ಕೀಬೋರ್ಡು ಎದೆಗವಚಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ಉಪ್ಪು ಮ್ಯಾಲಿನ ಗೂಡಿನ್ಯಾಗ ಅದ," ಎಂದರು.

"ಗೊತ್ತದರಿ." ತುಸು ಬಿಟ್ಟು ಅವಳೆಂದಳು, "ಟೀಚರಮ್ಮ, ಆ ಹುಡುಗ ಸಾಲಿಗೆ ಒಂದಿನಾನೂ ಟೈಮಿಗೆ ಬಂದಾಂವಲ್ಲ. ಆದ್ರೂ ನಿಮ್ಮ ಕೈಯಾಗ ಒಂದಿನಾನೂ ಬೈಸಿಕೊಂಡಿಲ್ಲ. ಅದು ಹೆಂಗಂತ ನಾ ಕೇಳಿಲ್ಲ."

ಟೀಚರು ತಿರುಗಿ ನೋಡಿದರು. ಹುಲಿಗೆಮ್ಮ ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ಅದರ ಅರ್ಥವನ್ನು ಬಿಡಿಸಿ ನೋಡಲು ಆಗ ಪುರಸೊತ್ತು ಇರಲಿಲ್ಲ.

*

ಯಂತ್ರ ಎದ್ದು ನಿಲ್ಲಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಸಾಲು ಸಾಲಾಗಿ ಅಕ್ಷರಗಳು ಇರುವೆ ಹರಿದಂತೆ ಮೇಲೆ ಹತ್ತಿದವು, ನಿಂತವು, ಮತ್ತೆ ಹತ್ತಿದವು. ಕೊನೆಗೆ ಫರ್ಜಾನಾ ಉಸಿರು ಬಿಟ್ಟು, "ನಿಂತಿತ್ರಿ. ನಿಮ್ಮ ಮುದುಕಿ ನಿಂತಾಳ," ಎಂದಳು. ಬ್ರೇಕಿನ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಆಜ್ಞೆ ಕಳಿಸಿದಳು.

ಕೆಂಪು ದೀಪ.

ಯಾಕೆಂದು ಪೆಟ್ಟಿಗೆ ಹೇಳುವುದಿಲ್ಲ. ಮೂವರೂ ಅದನ್ನೇ ನೋಡುತ್ತ ನಿಂತರು. ಆಗ ಟೀಚರು ಹಣೆಗೆ ಕೈಹಚ್ಚಿದರು. "ಅಯ್ಯೋ, ಇದರ ಒಳಗಿನ ಗಡಿಯಾರದ ಬ್ಯಾಟ್ರಿ ಸತ್ತು ಎಷ್ಟೋ ವರ್ಷ ಆತು. ಪ್ರತಿ ಸಲ ಹಚ್ಚಿದಾಗ ಇದಕ್ಕ ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದನೇ ತಾರೀಖೇ. ನಾನು ಕಾಗದದ ಮ್ಯಾಲ ತಾರೀಖು ಕೈಲೆ ಬರೀತೀನಿ."

"ಅದಕ್ಕ ಇನ್ನಾ ನಾ ಹುಟ್ಟಿಲ್ಲ," ಎಂದಳು ಫರ್ಜಾನಾ. ಅವಳ ನಗು ಒಣಗಿತ್ತು. "ವೇಳ್ಯಾ ಹೇಳ್ರಿ ಟೀಚರ್."

ಟೀಚರು ಕೈಗಡಿಯಾರ ನೋಡಿದರು. ಅದರಲ್ಲಿ ಹನ್ನೆರಡು ಹನ್ನೊಂದು. ಎಂಥ ಗಡಿಬಿಡಿಯಲ್ಲೂ ಅವರು ತಮ್ಮ ಗುಟ್ಟನ್ನು ಮರೆಯಲಿಲ್ಲ. ಮನಸ್ಸಿನಲ್ಲೇ ಹತ್ತು ಕೂಡಿಸಿ, "ಹನ್ನೆರಡು ಇಪ್ಪತ್ತೊಂದು," ಎಂದರು. ಫರ್ಜಾನಾ ಟೈಪು ಮಾಡಿದಳು. ಆಜ್ಞೆ ಹೋಯಿತು.

ಕೆಂಪು ದೀಪ.

ಟೆಲಿಫೋನು ಏನೋ ಹೇಳಹೊರಟು ಗುಳುಗುಳು ಎಂದು ಸುಮ್ಮನಾಯಿತು. ಅದು ಕೆಳಗೆ ಗೋಡೆಯ ಮೇಲೆ ಎದೆಯೆತ್ತರಕ್ಕಿತ್ತು. ದಾನಿಯೇಲಪ್ಪ ಹಿಡಿ ತಿರುಗಿಸಿದ, ತಿರುಗಿಸಿದ. ಕಡೆಗೆ ಅದನ್ನು ಮೆಲ್ಲಗೆ ಕೊಕ್ಕೆಗೆ ಹಾಕಿದ, ಮಲಗಿದ ಕೂಸನ್ನು ಇಳಿಸುವ ಹಾಗೆ.

ಈಗ ಉಳಿದದ್ದು ಗಂಟೆಯೊಂದೇ. ಕೆಳಗೆ ಹಗ್ಗ ಎಳೆದರೆ ಮೇಲೆ ಬಾರಿಸುವ ಕಬ್ಬಿಣದ ಗಂಟೆ.

"ಒಂದೇ ಉಳೀತು," ಎಂದಳು ಫರ್ಜಾನಾ. ಅವಳ ದನಿ ಶಾಲೆಯ ಹುಡುಗಿಯದಾಗಿತ್ತು. "ನಾ ಏನರ ಹೆಚ್ಚು ಕಿತ್ತು ಹಾಕಿದ್ನೇನೋ ಟೀಚರ್. ಮುದ್ರಿ ಒತ್ತೋ ಭಾಗಾನ ಕಿತ್ತೀನೇನೋ. ಮತ್ತ ಮೊದಲಿಂದ ಕಟ್ಟಬೇಕಂದ್ರ ಮುಕ್ಕಾಲು ತಾಸು."

"ಮುಕ್ಕಾಲು ತಾಸು ಇಲ್ಲವ್ವ," ಎಂದ ದಾನಿಯೇಲಪ್ಪ. "ಟೆಲಿಫೋನು ಮುಳುಗೇತಿ. ಇನ್ನ ಕಾಲು ತಾಸು ಹಿಡೀರಿ."

"ಪೆಟ್ಟಿಗಿ ಗಡಿಯಾರ ಬರೋಬ್ಬರಿ ಅದ ಅಲ್ಲ ಕಾಕಾ?"

"ನಿನ್ನೆ ಸೋಮವಾರ ನಾನ ರೇಡಿಯೋ ಕೇಳಿ ಹಚ್ಚೀನಿ. ನನ್ನ ಮ್ಯಾಲ ಸಂಶಯ ಬ್ಯಾಡ."

ಟೀಚರು ಕಣ್ಣು ಮುಚ್ಚಿ ಕೂತರು. ಮಕ್ಕಳ ಪ್ರೋಗ್ರಾಮು ಓಡದಿದ್ದಾಗ ಅವರು ಮಾಡುತ್ತಿದ್ದುದು ಒಂದೇ ಕೆಲಸ. ಯಂತ್ರ ಮುಟ್ಟಬಾರದು. ಏನೇನು ಬರೆದೆ ಎಂದು ಮೊದಲಿನಿಂದ ಬಾಯಿಬಿಟ್ಟು ಹೇಳಿಸಬೇಕು.

"ಫರ್ಜಾನಾ. ಕೈ ತಗಿ. ನೀ ಏನು ಟೈಪ್ ಮಾಡಿದಿ, ಒಂದೊಂದಾಗಿ ಹೇಳು."

"ಟೀಚರ್, ವೇಳ್ಯಾ ಇಲ್ಲ..."

"ಹೇಳು."

ಅವಳು ಹೇಳಿದಳು. ವರ್ಷ. ತಿಂಗಳು. ತಾರೀಖು. "ಆಮ್ಯಾಲ ಹನ್ನೆರಡು ಮೂವತ್ತೊಂದು."

ಟೀಚರು ಕಣ್ಣು ತೆರೆದರು. "ನಾ ಹೇಳಿದ್ದು ಹನ್ನೆರಡು ಇಪ್ಪತ್ತೊಂದು."

ಫರ್ಜಾನಾಳ ಮುಖ ಕೆಂಪಾಯಿತು. ದಾನಿಯೇಲಪ್ಪ ಯಾಕೋ ಉರುಳೆಯ ಕಡೆ ತಿರುಗಿ ನಿಂತ.

"ಹೌದ್ರಿ. ನಾ... ಹತ್ತು ಕೂಡಿಸಿದೆ."

"ಯಾಕ?"

"ನಿಮ್ಮ ವಾಚು ಹತ್ತು ನಿಮಿಷ ಹಿಂದ ಇರ್ತದಲ್ರಿ ಟೀಚರ್." ಅವಳು ತಲೆ ತಗ್ಗಿಸಿಯೇ ಹೇಳಿದಳು. "ಮೂರನೇ ಕ್ಲಾಸಿನಿಂದ ಗೊತ್ತದ. ಸಾಲಿಗೆಲ್ಲಾ ಗೊತ್ತಿತ್ತು. ನೀವು ಟೈಮ್ ಹೇಳಿದ್ರ ನಾವೆಲ್ಲಾ ಮನಸಿನ್ಯಾಗ ಹತ್ತು ಕೂಡಿಸ್ತಿದ್ವಿ. ನಿಮ್ಮೆದುರು ಅಂದ್ರ ನಿಮಗ ನಾಚಿಕಿ ಆದೀತಂತ..."

"ನಾನೂ ಕೂಡಿಸೇ ಹೇಳಿದ್ನಲ್ಲ ತಾಯಿ!"

ಎರಡು ಸಲ ಕೂಡಿಸಿದ ಹತ್ತು ನಿಮಿಷ. ಇನ್ನೂ ಹುಟ್ಟದ ಗಳಿಗೆಯಿಂದ ಬಂದ ಆಜ್ಞೆಯನ್ನು ಪೆಟ್ಟಿಗೆ ಒಪ್ಪುವುದಾದರೂ ಹೇಗೆ?

"ದಾನಿಯೇಲಪ್ಪ, ನಿಮಗೂ ಗೊತ್ತಿತ್ತೇನು?"

"ಹೆಡ್‌ಮಾಸ್ತರಿಗೊಬ್ಬರಿಗೆ ಗೊತ್ತಿರಲಿಲ್ರಿ," ಎಂದ ಅವನು ಉರುಳೆಯನ್ನೇ ನೋಡುತ್ತ.

ಟೀಚರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಬೆರಳು ಹಚ್ಚಿ ತೋರಿಸಿದರು. "ಇವತ್ತು ಮುಂಜಾನಿ ರೇಡಿಯೋಕ್ಕ ಹಚ್ಚೀನಿ. ಸೆಕೆಂಡು ತಪ್ಪಿಲ್ಲ. ನೀನ ನೋಡು, ನೀನ ಒಮ್ಮೆ ಕೂಡಿಸು. ನಾ ಬಾಯಿ ಬಿಡಂಗಿಲ್ಲ."

ಫರ್ಜಾನಾ ಟೈಪು ಮಾಡಿದಳು. ಯಂತ್ರದ ಗಡಿಯಾರ ಆ ವೇಳೆಯಿಂದ ಓಡತೊಡಗಿತು. ಆಜ್ಞೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ದಾನಿಯೇಲಪ್ಪ ಕೈ ಅಡ್ಡ ಹಿಡಿದ.

"ಮೂರು ಗಂಟಿ ಬರಬೇಕು."

ಗಣಿಯ ಕಟ್ಟಳೆಯದು. ಒಂದು ಗಂಟೆಯೆಂದರೆ ನಿಲ್ಲಿಸು, ಎರಡೆಂದರೆ ಇಳಿಸು. ಮೂರೆಂದರೆ ಮನುಷ್ಯರು ಹತ್ತಿದ್ದಾರೆ, ಜೋಕೆಯಿಂದ ಎಳೆ. ಆ ಮೂರು ಗಂಟೆ ಕೇಳದೆ ಅವನು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಜು ಎಳೆದವನಲ್ಲ. ಯಾರದಾದರೂ ಕಾಲು ಹೊರಗಿದ್ದರೆ, ಬಾಗಿಲು ಹಾಕಿರದಿದ್ದರೆ, ಎಳೆದದ್ದೇ ಕೊಲೆಯಾಗುತ್ತದೆ. ಅವನು ಮೇಲಿನಿಂದ ಮೂರು ಸಲ ಹಗ್ಗ ಜಗ್ಗಿದ, ಹೊರಡಲು ಸಿದ್ಧವೇ ಎಂದು ಕೇಳಿದ ಹಾಗೆ.

ಕೆಳಗಿನಿಂದ ಉತ್ತರವಿಲ್ಲ. ಮತ್ತೆ ಜಗ್ಗಿದ.

ಹಗ್ಗದ ಹಿಡಿ ಕೇಜಿನ ಹೊರಗೆ, ಗೋಡೆಯ ಮೇಲಿತ್ತು. ಅದೂ ಮುಳುಗಿರಬೇಕು. ಎಳೆಯುವವನು ಕೇಜು ಬಿಟ್ಟು ನೀರೊಳಗೆ ಮುಳುಗಿ ಎಳೆಯಬೇಕು. ಎಳೆದು ಹಿಂತಿರುಗಬೇಕು. ಅಲ್ಲಿ ಯಾರು ಹಾಗೆ ಮಾಡುತ್ತಾರೆಂಬುದು ಮೂವರಿಗೂ ಗೊತ್ತಿತ್ತು.

ಟೀಚರು ತಮ್ಮ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಕೂತರು. ಹತ್ತು. ಇಪ್ಪತ್ತು. ನಲವತ್ತು. ಮುಳ್ಳು ಒಂದು ಸುತ್ತು ಪೂರ್ತಿ ಹಾಕಿತು.

ಟಣ್.

ದಾನಿಯೇಲಪ್ಪ ಒಂದು ಬೆರಳು ಮಡಚಿದ.

ಟಣ್.

ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಎರಡಕ್ಕೇ ನಿಂತರೆ 'ಇಳಿಸು' ಎಂದರ್ಥ. ಫರ್ಜಾನಾಳ ಬೆರಳು ಗುಂಡಿಯ ಮೇಲೆಯೇ ಇತ್ತು.

ಟಣ್.

"ಯಂಕೋಬ ಒಳಗ ಬರಲಿ, ತಡಿ," ಎಂದು ದಾನಿಯೇಲಪ್ಪ ಬಾಯಲ್ಲೇ ಎಣಿಸಿದ. ಅಲ್ಲಿಂದ ಕೇಜಿಗೆ ಎಷ್ಟು ಹೆಜ್ಜೆಯೆಂದು ಅವನಿಗೆ ಗೊತ್ತು. ನೀರಿನಲ್ಲಿ ಎಷ್ಟೆಂದು ಲೆಕ್ಕ ಹಾಕುತ್ತಿದ್ದ. ಇಪ್ಪತ್ತಕ್ಕೆ ಬಂದಾಗ ತಲೆ ಆಡಿಸಿದ.

ಫರ್ಜಾನಾ ಗುಂಡಿ ಒತ್ತಿದಳು.

ಹಳೆಯ ಯಂತ್ರ ಯೋಚಿಸಿತು. ಅದರ ಹೊಟ್ಟೆಯಲ್ಲಿ ಕರಕರ ಸದ್ದಾಯಿತು. ಟೀಚರು ಅದರ ತಗಡಿನ ಮೈಮೇಲೆ ಅಂಗೈ ಇಟ್ಟರು. ಅದು ಜ್ವರ ಬಂದವರ ಹಾಗೆ ಬೆಚ್ಚಗಿತ್ತು.

ಹಸಿರು ದೀಪ.

ಉರುಳೆ ನರಳಿತು. ಹಗ್ಗ ಬಿಗಿಯಾಯಿತು. ಆಮೇಲೆ, ಬಲು ನಿಧಾನವಾಗಿ, ಎಣ್ಣೆ ಮೆತ್ತಿದ ಹಗ್ಗ ನೆಲದೊಳಗಿಂದ ಮೇಲೆ ಬರತೊಡಗಿತು. ಮೊದಲು ಒಣ ಹಗ್ಗ. ಎಷ್ಟೋ ಹೊತ್ತಿನ ಮೇಲೆ ತೊಟ್ಟಿಕ್ಕುವ ಹಗ್ಗ.

*

ಕೇಜಿನ ಬಾಗಿಲು ತೆರೆದಾಗ ಹೊರಗೆ ಲೈನಿನ ಜನವೆಲ್ಲ ನೆರೆದಿತ್ತು. ಹುಲಿಗೆಮ್ಮ ಅನ್ನದ ಪಾತ್ರೆಯನ್ನು ಸಿಂಬಿಯ ಮೇಲೆ ಹೊತ್ತು ಬಂದು ಗೇಟಿನಲ್ಲೇ ನಿಂತಿದ್ದಳು. ಒಬ್ಬೊಬ್ಬರೇ ಇಳಿದರು. ಅವಳು ಪಾತ್ರೆ ಇಳಿಸದೆ ಎಣಿಸುತ್ತಿದ್ದಳು. ಹನ್ನೆರಡು. ಹದಿಮೂರು.

ಹದಿನಾಲ್ಕನೆಯವನು ಇಬ್ಬರ ಹೆಗಲ ಮೇಲೆ ಬಂದ. ಯಂಕೋಬನ ತುಟಿ ನೀಲಿಗಟ್ಟಿತ್ತು, ಬಲಗೈ ಬೆರಳುಗಳು ಇನ್ನೂ ಹಗ್ಗ ಹಿಡಿದಂತೆಯೇ ಮಡಚಿದ್ದವು. ಹುಲಿಗೆಮ್ಮ ಆಗ ಪಾತ್ರೆ ಇಳಿಸಿದಳು, ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು, ತನ್ನ ಸೆರಗಿನಿಂದ ಅವನ ತಲೆ ಒರೆಸಿದಳು. ಅತ್ತದ್ದು ಆಗಲೇ.

ಯಂಕೋಬ ತಾಯಿಯ ಸೆರಗಿನ ಸಂದಿಯಿಂದ ಮೇಲೆ ನೋಡಿದ. ಎದುರಿಗೆ ಟೀಚರು ನಿಂತಿದ್ದರು, ಕೈಯಲ್ಲಿ ಗಡಿಯಾರ ಹಿಡಿದುಕೊಂಡು. ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದದ್ದೂ ಹಾಗೆಯೇ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ಕೇಳಿದ:

"ತಡ ಆತೇನ್ರಿ ಟೀಚರ್?"

ಟೀಚರು ಗಡಿಯಾರ ನೋಡಿಕೊಂಡರು. ಅದನ್ನು ಸರಿಪಡಿಸಬೇಕೆಂದು ಕೀಲಿಗೆ ಕೈಹಾಕಿದ್ದರು. ಕೈ ತೆಗೆದು ಅದನ್ನು ಹಾಗೆಯೇ ಮಣಿಕಟ್ಟಿಗೆ ಕಟ್ಟಿಕೊಂಡರು.

"ಇಲ್ಲಪ್ಪ," ಎಂದರು. "ಇನ್ನೂ ಹತ್ತು ನಿಮಿಷ ಅದ."